ಮೇಜರ್ ಯಾವುದೆಂಬ ಪ್ರಶ್ನೆ ಮತ್ತು ಅಮೆರಿಕದ ಕನ್ನಡ ಕುಟುಂಬ

ಅಮೆರಿಕದಲ್ಲಿ ಪದವಿ ವ್ಯಾಸಂಗಕ್ಕೆ ಸೇರುವ ವಿದ್ಯಾರ್ಥಿಯು ತಾನು ಯಾವ ವಿಷಯದಲ್ಲಿ ವಿಶೇಷ ಪರಿಣತಿ ಪಡೆಯಲಿದ್ದಾನೆಂಬುದನ್ನು, ಅಂದರೆ ತನ್ನ ‘ಮೇಜರ್’ ಯಾವುದೆಂಬುದನ್ನು, ಸೇರಿದ ದಿನವೇ ಹೇಳಬೇಕೆಂಬ ಕಟ್ಟುಪಾಡು ಅನೇಕ ವಿಶ್ವವಿದ್ಯಾಲಯಗಳಲ್ಲಿ ಇಲ್ಲ. ಹೇಳದೆ ಉಳಿದವನನ್ನು ಅಲ್ಲಿನ ಕಡತಗಳು ‘ಅನ್‌ಡಿಕ್ಲೇರ್ಡ್’ ಎಂದು ನಮೂದಿಸಿಕೊಳ್ಳುತ್ತವೆ. ಸಾಮಾನ್ಯವಾಗಿ ಎರಡನೆಯ ವರ್ಷ ಮುಗಿಯುವ ತನಕ ಅವನು ಆ ಹೆಸರಿನಡಿಯಲ್ಲೇ ನೆಮ್ಮದಿಯಿಂದ ಇರಬಹುದು. ಈ ನೆಮ್ಮದಿ ಅವನ ತಂದೆತಾಯಿಯರಿಗೆ ಲಭ್ಯವಿಲ್ಲವೆಂಬುದೇ ಪ್ರಸ್ತುತ ಅಧ್ಯಯನದ ವಸ್ತು.

ಈ ವ್ಯವಸ್ಥೆಯ ಮೂಲಪುರುಷರಲ್ಲಿ ಮುಖ್ಯನಾದವನು 1869ರಿಂದ 1909ರವರೆಗೆ ಹಾರ್ವರ್ಡ್‌ನ ಅಧ್ಯಕ್ಷನಾಗಿದ್ದ ಚಾರ್ಲ್ಸ್ ಎಲಿಯಟ್. ಕಡ್ಡಾಯ ಪಾಠಗಳನ್ನು ಒಂದೊಂದಾಗಿ ಕಿತ್ತುಹಾಕಿ, ಓದುವವನೇ ತನಗೆ ಬೇಕಾದುದನ್ನು ಆರಿಸಿಕೊಳ್ಳಲಿ ಎಂದು ಅವನು ಬಾಗಿಲು ತೆರೆದಿಟ್ಟನು. ಅವನ ನಂತರ ಬಂದ ಅಬಾಟ್ ಲಾರೆನ್ಸ್ ಲೋವೆಲ್‌ನಿಗೆ ಈ ಸ್ವಾತಂತ್ರ್ಯ ಅತಿಯಾಯಿತೆಂದು ತೋರಿತು; ಅವನು ಒಂದು ವಿಷಯವನ್ನು ಆಳವಾಗಿಯೂ ಉಳಿದ ಕೆಲವನ್ನು ಅಗಲವಾಗಿಯೂ ಓದಬೇಕೆಂಬ ನಿಯಮವನ್ನು ತಂದನು. ಇಂದಿನ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್‌ಗಳು ಬೇಕು, ಒಂದು ಪಾಠಕ್ಕೆ ಹೆಚ್ಚಾಗಿ ಮೂರು ಅಥವಾ ನಾಲ್ಕು ಕ್ರೆಡಿಟ್. ಹೀಗಾಗಿ ಮೊದಲ ಸೆಮಿಸ್ಟರಿನಲ್ಲಿ ಕ್ಯಾಲ್ಕುಲಸ್, ಖಗೋಳಶಾಸ್ತ್ರ, ಸಿನಿಮಾದ ಇತಿಹಾಸ ಮತ್ತು ಮಡಕೆ ಮಾಡುವ ಕಲೆ ಒಂದೇ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದು ಅಸಹಜವಲ್ಲ. ಶುಲ್ಕದ ಬಿಲ್ಲನ್ನು ನೋಡಿದ ತಂದೆಯು, ಎರಡು ದಶಕಗಳಿಂದ ಡಾಲರಿನಲ್ಲೇ ಸಂಬಳ ಎಣಿಸುತ್ತಿದ್ದರೂ, ಮಡಕೆಯ ಮೂರು ಕ್ರೆಡಿಟ್‌ಗಳನ್ನು ಮಾತ್ರ ರೂಪಾಯಿಗೆ ಪರಿವರ್ತಿಸಿ ನೋಡುತ್ತಾನೆ. ಆ ಲೆಕ್ಕವನ್ನು ಅವನು ಮನೆಯವರಿಗೆ ಹೇಳುವುದಿಲ್ಲ. ಹೇಳದಿದ್ದರೂ ಅದು ಮುಖದಲ್ಲಿ ಕಾಣುತ್ತದೆ.

ಆಗಸ್ಟ್ ತಿಂಗಳಲ್ಲಿ ಬರುವ ‘ಮೂವ್-ಇನ್ ಡೇ’, ಅಂದರೆ ಮಕ್ಕಳನ್ನು ‘ಡಾರ್ಮ್’ ಎಂಬ ವಿದ್ಯಾರ್ಥಿನಿಲಯಕ್ಕೆ ಬಿಟ್ಟುಬರುವ ದಿನ, ಈ ಅಧ್ಯಯನಕ್ಕೆ ಹೇರಳ ಸಾಮಗ್ರಿ ಒದಗಿಸುತ್ತದೆ. ಡಾರ್ಮಿನ ಮಂಚ ಸಾಮಾನ್ಯ ಒಂಟಿ ಮಂಚಕ್ಕಿಂತ ಉದ್ದವಾಗಿದ್ದು, 75 ಇಂಚಿನ ಬದಲು 80 ಇಂಚಿನ ಹಾಸಿಗೆ ಇರುವುದರಿಂದ, ತಾಯಿಯು ಮನೆಯಿಂದ ತಂದ ಬೆಡ್‌ಶೀಟ್ ತಲೆಯ ಕಡೆ ಸಿಕ್ಕಿಸಿದರೆ ಕಾಲಿನ ಕಡೆ ಬಿಟ್ಟುಕೊಳ್ಳುತ್ತದೆ. ರೈಸ್ ಕುಕ್ಕರಿಗೆ ಬಹುತೇಕ ಕೋಣೆಗಳಲ್ಲಿ ನಿಷೇಧವಿದೆ; ಬೆಂಕಿಯ ಭಯದಿಂದ ದೀಪಕ್ಕೂ ಊದುಬತ್ತಿಗೂ ನಿಷೇಧವಿದೆ. ಆದಕಾರಣ ಪುಟ್ಟ ಫ್ರಿಜ್ಜಿನ ಮೇಲೆ ಪ್ರತಿಷ್ಠಾಪಿತನಾದ ಗಣಪತಿಗೆ ಆರತಿಯಿಲ್ಲ, ಬರಿಯ ಕೈಮುಗಿತ. ಚಟ್ನಿಪುಡಿ, ಗೊಜ್ಜವಲಕ್ಕಿ, ಮೆಂತ್ಯದ ಹಿಟ್ಟುಗಳ ಬಗ್ಗೆ ನಿಯಮಾವಳಿ ಮೌನವಾಗಿರುವುದರಿಂದ ಮೂರೂ ಒಳಗೆ ಬರುತ್ತವೆ, ಮತ್ತು ತಾಯಿಯು ಅವುಗಳ ಡಬ್ಬಗಳ ಮೇಲೆ ಇಂಗ್ಲಿಷಿನಲ್ಲಿ ಚೀಟಿ ಅಂಟಿಸುತ್ತಾಳೆ. ಮಗನಿಗೆ ಕನ್ನಡ ಓದಲು ಬರುವುದಿಲ್ಲವೆಂಬುದು ಆಗ ಇಬ್ಬರಿಗೂ ನೆನಪಾಗುತ್ತದೆ. ಮಗನು ಒಂದು ವಾರದೊಳಗೆ ಗೊಜ್ಜವಲಕ್ಕಿಯನ್ನು ಪಿಜ್ಜಾದ ಮೇಲೆ ಉದುರಿಸಿಕೊಂಡು ತಿನ್ನುವುದನ್ನು ಕಲಿಯುತ್ತಾನೆ. ಒಟ್ಟಿನಲ್ಲಿ ಅವನು ಹೊಂದಿಕೊಳ್ಳುತ್ತಾನೆ.

ಹೊಂದಿಕೊಳ್ಳಲಾಗದವರು ಅವನನ್ನು ಬಿಟ್ಟು ಮನೆಗೆ ಮರಳಿದ ತಂದೆತಾಯಿಯರು. ಮೈಸೂರಿನ ಅಜ್ಜಿಯು ವಾಟ್ಸ್‌ಆ್ಯಪ್ ಕರೆಯಲ್ಲಿ ‘ಇನ್ನೂ ಯಾವುದಕ್ಕೂ ಸೇರಿಲ್ಲ ಅಂದ್ರೆ ಹಾಸ್ಟೆಲಿನಲ್ಲಿ ಯಾಕಮ್ಮ ಇದಾನೆ?’ ಎಂದು ಕೇಳುವ ಪ್ರಶ್ನೆಗೆ ಇದುವರೆಗೆ ಸಮರ್ಪಕ ಉತ್ತರ ದೊರೆತಿಲ್ಲ. ಕನ್ನಡ ಕೂಟದ ದೀಪಾವಳಿ ಊಟದ ಸಾಲಿನಲ್ಲಿ, ಕೈಯಲ್ಲಿ ಬಿಸಿಬೇಳೆಬಾತಿನ ತಟ್ಟೆ ಹಿಡಿದು ಎತ್ತಲೂ ಓಡಲಾಗದ ಸ್ಥಿತಿಯಲ್ಲಿ, ‘ಮಗರಾಯ ಯಾವುದರಲ್ಲಿ ಮಾಡ್ತಿದಾನೆ?’ ಎಂಬ ಪ್ರಶ್ನೆ ಎದುರಾದಾಗ ತಾಯಿಯು ‘ಪ್ರಿ-ಮೆಡ್ ಅಂದ್ಕೊಳ್ಳಿ’ ಎನ್ನುತ್ತಾಳೆ. ಪ್ರಿ-ಮೆಡ್ ಎಂಬುದು ಮೇಜರ್ ಅಲ್ಲ. ಮುಂದೆ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕಲು ಬೇಕಾದ ಪಾಠಗಳ ದಾರಿಯಷ್ಟೇ, ಸಂಗೀತ ಓದುವವನೂ ಅದರಲ್ಲಿ ನಡೆಯಬಹುದು. ಆದ್ದರಿಂದ ತಾಯಿ ಹೇಳಿದ್ದು ಸುಳ್ಳಾಗುವುದಿಲ್ಲ. ಆ ದಾರಿಯಲ್ಲಿ ಎದುರಾಗುವ ಆರ್ಗ್ಯಾನಿಕ್ ಕೆಮಿಸ್ಟ್ರಿಯ ಫಲಿತಾಂಶ ಬರುವ ತನಕ ಅದನ್ನು ಸುಳ್ಳೆಂದು ಸಾಬೀತುಪಡಿಸಲೂ ಬರುವುದಿಲ್ಲ.

ಆ ಫಲಿತಾಂಶವನ್ನು ನೋಡುವ ಹಕ್ಕು ತಾಯಿತಂದೆಯರಿಗೆ ತಾನಾಗಿ ಇಲ್ಲ ಎಂಬುದು ಇನ್ನೊಂದು ಆಘಾತ. 1974ರಲ್ಲಿ ಬಂದ ‘ಫರ್ಪಾ’ ಎಂಬ ಕೇಂದ್ರ ಕಾನೂನಿನ ಪ್ರಕಾರ, ಕಾಲೇಜಿಗೆ ಸೇರಿದ ವಿದ್ಯಾರ್ಥಿಯ ಶೈಕ್ಷಣಿಕ ದಾಖಲೆಗಳ ಮೇಲಿನ ಅಧಿಕಾರ ಅವನದೇ. ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಅವನ ಲಿಖಿತ ಒಪ್ಪಿಗೆಯಿಲ್ಲದೆ ಅಂಕಗಳನ್ನು ಇತರರಿಗೆ ತೋರಿಸುವಂತಿಲ್ಲ. ಬಿಲ್ಲು ಮಾತ್ರ ಮನೆಗೆ ತಪ್ಪದೆ ತಲುಪುತ್ತದೆ. ಮಗನ ಮಾರ್ಕ್ಸ್‌ಕಾರ್ಡಿಗೆ ಸಹಿ ಹಾಕುವುದು ತಂದೆಯ ಕೆಲಸವೆಂದು ನಂಬಿ ಬೆಳೆದ ಪೀಳಿಗೆಗೆ, ಅದನ್ನು ನೋಡಲು ಮಗನ ಸಹಿ ಬೇಕೆಂಬುದು ಸುಲಭವಾಗಿ ಅರಗುವ ಸಂಗತಿಯಲ್ಲ.

ತಂದೆಯ ಆತಂಕವನ್ನು ಪೂರ್ತಿ ನಗೆಗೀಡುಮಾಡುವುದೂ ನ್ಯಾಯವಲ್ಲ. ಕಂಪ್ಯೂಟರ್ ಸೈನ್ಸ್, ಇಂಜಿನಿಯರಿಂಗ್, ನರ್ಸಿಂಗ್‌ಗಳಿಗೆ ಹಲವು ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳು ಮೊದಲೇ ಬೇರೆ ಬಾಗಿಲು ಇಟ್ಟಿರುವುದರಿಂದ, ಅನ್‌ಡಿಕ್ಲೇರ್ಡ್ ಆಗಿ ಒಳಬಂದು ಆಮೇಲೆ ಅತ್ತ ದಾಟುವುದು ಕಷ್ಟ. ಮುಂದಿನ ಪಾಠಕ್ಕೆ ಹಿಂದಿನ ಪಾಠ ಮುಗಿದಿರಬೇಕೆಂಬ ಸರಪಳಿಯಿರುವ ವಿಷಯಗಳಲ್ಲಿ ತಡವಾಗಿ ನಿರ್ಧರಿಸಿದವನು ಐದನೆಯ ವರ್ಷದ ಶುಲ್ಕ ಕಟ್ಟಬೇಕಾಗಬಹುದು.

ಆದರೆ ‘ನಿನ್ನ ವಯಸ್ಸಿಗೆ ನಾನು ನಿರ್ಧರಿಸಿಬಿಟ್ಟಿದ್ದೆ’ ಎಂದು ತಂದೆಯು ಫೋನಿನಲ್ಲಿ ಹೇಳುವ ಮಾತು ಪರಿಶೀಲನೆಗೆ ನಿಲ್ಲುವುದಿಲ್ಲ. 1990ರ ದಶಕದ ಉತ್ತರಾರ್ಧದ ಕರ್ನಾಟಕದಲ್ಲಿ ವೃತ್ತಿಶಿಕ್ಷಣದ ಸೀಟು ಹಂಚುತ್ತಿದ್ದುದು ಸಿಇಟಿ, ಅಂದರೆ ಸಾಮಾನ್ಯ ಪ್ರವೇಶ ಪರೀಕ್ಷೆಯ ರ‍್ಯಾಂಕ್. ಅಂಕಪಟ್ಟಿ, ಟಿಸಿ, ಡಿಡಿಗಳ ಫೈಲನ್ನು ಎದೆಗವಚಿಕೊಂಡು, ಜೊತೆಗೆ ಅಪ್ಪ ಮತ್ತು ವಿಷಯ ತಿಳಿದ ಸೋದರಮಾವನನ್ನು ಕರೆದುಕೊಂಡು ಕೌನ್ಸೆಲಿಂಗ್‌ಗೆ ಹೋದ ಹುಡುಗನ ಕಣ್ಣೆದುರಿಗೇ ಪರದೆಯ ಮೇಲೆ ಎಲೆಕ್ಟ್ರಾನಿಕ್ಸ್ ಸೀಟುಗಳು ಕರಗುತ್ತಿದ್ದವು. ಅವನ ಸರದಿ ಬಂದಾಗ ಉಳಿದದ್ದು ಮೆಕ್ಯಾನಿಕಲ್, ಸೋದರಮಾವ ತಲೆಯಾಡಿಸಿದ, ಹುಡುಗ ಮೆಕ್ಯಾನಿಕಲ್ ಇಂಜಿನಿಯರ್ ಆದ, ಆಮೇಲೆ ಅಮೆರಿಕಕ್ಕೆ ಬಂದು ಸಾಫ್ಟ್‌ವೇರ್ ಬರೆದ. ಇದನ್ನು ನಿರ್ಧಾರ ಎಂದು ಕರೆಯುವುದು ಕಷ್ಟ. ಮಗನು ಎರಡು ವರ್ಷ ಅಧಿಕೃತವಾಗಿ ಮಾಡುವ ಅಲೆದಾಟವನ್ನು ತಂದೆಯು ಪದವಿ ಮುಗಿದ ಮೇಲೆ ಮಾಡಿದನು, ಅಷ್ಟೇ ವ್ಯತ್ಯಾಸ.

ಆದ್ದರಿಂದ ಕನ್ನಡ ಕೂಟಗಳ ಸದಸ್ಯರಲ್ಲಿ ಒಂದು ವಿನಂತಿ: ಕಾಲೇಜಿಗೆ ಮಕ್ಕಳನ್ನು ಕಳುಹಿಸಿದವರು ಸಿಕ್ಕಿದಾಗ ಡಾರ್ಮಿನ ಊಟ ಹೇಗಿದೆ, ಹಬ್ಬಕ್ಕೆ ಬಂದಿದ್ದನೇ ಎಂದು ವಿಚಾರಿಸಿರಿ, ಮೇಜರ್ ಯಾವುದೆಂದು ನಾಲ್ಕನೆಯ ಸೆಮಿಸ್ಟರು ಮುಗಿಯುವವರೆಗೆ ಕೇಳಬೇಡಿರಿ, ಕೇಳಲೇಬೇಕಾದರೆ ಅವರು ಊಟ ಮುಗಿಸಿ ಕೈ ತೊಳೆದ ಮೇಲೆ ಕೇಳಿರಿ.