ರೆಕ್ಕೆಗಿಂತ ಮೊದಲು ಪಾಲಿಶ್

ಬಿಣಗಾದ ನಮ್ಮ ಹಿತ್ತಲಲ್ಲಿ, ತಗಡಿನ ಮಾಡಿನ ಕೆಳಗೆ, ಒಂದು ವಿಮಾನ ತಯಾರಾಗುತ್ತಿದೆ. ಸದ್ಯಕ್ಕೆ ಬಾಲ ಮಾತ್ರ ಇದೆ. ರೆಕ್ಕೆ, ಎಂಜಿನ್ನು, ಪರವಾನಗಿ, ಹಾರುವ ಧೈರ್ಯ ಎಲ್ಲ ಮುಂದೆ ಬರಬೇಕಾದವು. ಆದರೆ ಬಾಲದ ಹೊಳಪು ಎಷ್ಟೆಂದರೆ, ಇವಳು ಅದರ ಮುಂದೆ ನಿಂತು ಕುಂಕುಮ ಇಟ್ಟುಕೊಳ್ಳುತ್ತಾಳೆ. ಮನೆಗೆ ಅದರಿಂದ ಆದ ಉಪಯೋಗ ಅದೊಂದೇ ಎಂದು ಬಂದವರಿಗೆಲ್ಲ ಹೇಳುತ್ತಾಳೆ ಕೂಡ.

ಪಾಲಿಶ್ ಮೊದಲು, ರೆಕ್ಕೆ ಆಮೇಲೆ ಎಂಬ ನನ್ನ ಕ್ರಮಕ್ಕೆ ಆಧಾರವಿದೆ. ಅಮೆರಿಕನ್ ಏರ್‌ಲೈನ್ಸ್‌ನವರು ದಶಕಗಳ ಕಾಲ ವಿಮಾನಕ್ಕೆ ಬಣ್ಣ ಬಳಿಯದೆ ಲೋಹವನ್ನೇ ಹೊಳೆಯಿಸಿ ಹಾರಿಸಿದರು. "2013ರಲ್ಲಿ ಅವರೂ ಬಣ್ಣ ಹಚ್ಚಿದ್ರಂತೆ ಅಪ್ಪ" ಎಂದಳು ಮಗಳು, ಮೊಬೈಲಿನಿಂದ ತಲೆ ಎತ್ತದೆ. ಮೊಬೈಲು ಹೊಕ್ಕ ಮನೆಯಲ್ಲಿ ಯಜಮಾನನ ಆಧಾರಗಳು ಬಾಳುವುದಿಲ್ಲ.

ಗ್ರೈಂಡರಿಗೆ ಬಟ್ಟೆಯ ಚಕ್ರ ಸಿಕ್ಕಿಸಿ, ಪಾಲಿಶ್ ಹಚ್ಚಿ ಉಜ್ಜಿದರೆ ಬೆಳ್ಳಗಿನ ಲೋಹದಿಂದ ಕಾಡಿಗೆಯಂಥ ಕಪ್ಪು ಹೊರಡುತ್ತದೆ. ಅದು ಕೊಳೆಯಲ್ಲ, ಸವೆದ ಅಲ್ಯೂಮಿನಿಯಮ್ಮಿನದೇ ಪುಡಿ. ಹಾಗಾಗಿ ಮುಗಿಯುವ ಮಾತೇ ಇಲ್ಲ. ಹಿಟ್ಟು ಉದುರಿಸಿ ಒರೆಸಿದರೆ ಹೋಗುತ್ತದೆಂದು ಬಲ್ಲವರು ಹೇಳುತ್ತಾರೆ. ಮನೆಯಲ್ಲಿದ್ದ ನುಣ್ಣನೆಯ ಹಿಟ್ಟು ಚೌತಿಯ ಚಕ್ಕುಲಿಗೆಂದು ಬೀಸಿಟ್ಟದ್ದು. ಆ ವರ್ಷ ಗಣಪತಿಗೆ ಅಂಗಡಿ ಚಕ್ಕುಲಿಯೇ ನೈವೇದ್ಯ. ಗಣಪತಿ ಸುಮ್ಮನಿದ್ದ, ಅತ್ತೆ ಸುಮ್ಮನಿರಲಿಲ್ಲ.

ಉಜ್ಜುವುದಕ್ಕೂ ಮಿತಿ ಬೇಕು. ವಿಮಾನದ ಹಾಳೆಯ ಒಡಲು ತಾಮ್ರ ಬೆರೆತ ಗಟ್ಟಿ ಮಿಶ್ರಲೋಹ; ಮೇಲೆ ಶುದ್ಧ ಅಲ್ಯೂಮಿನಿಯಮ್ಮಿನ ತೆಳು ಹೊದಿಕೆ. 1 ಮಿಲಿಮೀಟರ್ ಹಾಳೆಯಲ್ಲಿ ಅದು ಸುಮಾರು 0.05 ಮಿಲಿಮೀಟರ್. ಹೊಳೆಯುವುದೂ ಅದೇ, ಉಪ್ಪುಗಾಳಿಯನ್ನು ತಡೆಯುವುದೂ ಅದೇ. ಉಜ್ಜಿದರೆ ಹೊದಿಕೆ ಸವೆಯುತ್ತದೆ, ಉಜ್ಜದಿದ್ದರೆ ಪಕ್ಕದ ಕಡಲು ಬಿಳಿ ಚುಕ್ಕೆ ಇಡುತ್ತದೆ. ಸಂಸಾರಸ್ಥನಿಗೆ ಇಂಥ ಪರಿಸ್ಥಿತಿ ಹೊಸದಲ್ಲವಾದ್ದರಿಂದ ಉಜ್ಜುತ್ತಲೇ ಇದ್ದೇನೆ.

ನನಗೆ ಧೈರ್ಯ ಕೊಟ್ಟದ್ದು ಕಾರವಾರದ ಟ್ಯಾಗೋರ್ ಕಡಲತೀರದ ಟುಪೊಲೆವ್ ಟಿಯು-142. ಈ ಜಾತಿಯ ವಿಮಾನಗಳು 1988ರಿಂದ 2017ರವರೆಗೆ ನಮ್ಮ ನೌಕಾಪಡೆಗಾಗಿ ಸಮುದ್ರ ಕಾದವು. ಇಲ್ಲಿರುವುದನ್ನು ತಮಿಳುನಾಡಿನ ಅರಕ್ಕೋಣಂನಲ್ಲಿ ಬಿಚ್ಚಿ, ತುಂಡುತುಂಡಾಗಿ ಲಾರಿಗಳಲ್ಲಿ ತಂದು ಜೋಡಿಸಿದರು. ಇವಳನ್ನು ಕರೆದೊಯ್ದು ತೋರಿಸಿದೆ. "ನೋಡು, ಇಂಥ ವಿಮಾನವೇ ಲಾರಿ ಹತ್ತಿ ಬಂದಿದೆ. ನಮ್ಮದಕ್ಕೆ ಹಾರುವ ಅವಸರ ಯಾಕೆ?"

"ಅದು ಹಾರಿ ಹಾರಿ ಸುಸ್ತಾದ ಮೇಲೆ ಲಾರಿ ಹತ್ತಿದ್ದು, ಮಾರಾಯ್ರೆ."

ಮನೆಗೆ ಬರುವಾಗ ದಾರಿಯಲ್ಲಿ ನಮ್ಮೂರಿನ ಕಾಸ್ಟಿಕ್ ಸೋಡಾ ಕಾರ್ಖಾನೆ ಕಂಡಿತು. "ಅದನ್ನ ಸ್ವಲ್ಪ ಹಚ್ಚಿ ನೋಡ್ಬಾರ್ದಾ? ಎಂಥ ಕೊಳೆಯೂ ಹೋಗ್ತದಂತೆ" ಎಂದಳು. ರಸಾಯನಶಾಸ್ತ್ರ ಹೇಳುವ ಅವಕಾಶ ನನಗೆ ದಿನಾ ಸಿಗುವುದಿಲ್ಲ. ಕಾಸ್ಟಿಕ್ ಸೋಡಾ ತಾಗಿದರೆ ಅಲ್ಯೂಮಿನಿಯಂ ಕರಗಿಯೇ ಹೋಗುತ್ತದೆ, ಜಲಜನಕ ಅನಿಲ ಬುರುಬುರು ಎದ್ದು ಮೇಲೆ ಹೋಗುತ್ತದೆ ಎಂದು ವಿವರಿಸಿದೆ.

"ಹಾಗಾದ್ರೆ ಹಚ್ಚಿ," ಎಂದಳು. "ಅಷ್ಟಾದ್ರೂ ಹಾರ್ತದೆ."