ತರಬೇತಿ ಮೀಮಾಂಸೆ ಅಥವಾ ಸ್ಲೈಡಿನಿಂದ ಮೋಕ್ಷವುಂಟೆ?

ಒಂದು ಕೆಲಸ ಬಾರದವನನ್ನು ಆ ಕೆಲಸ ಬಲ್ಲವನನ್ನಾಗಿ ಮಾಡುವುದೇ ತರಬೇತಿ ಎಂಬುದು ನಿಘಂಟು ಒಪ್ಪುವ ಲಕ್ಷಣ. ಲೋಕದಲ್ಲಿ ಕಾಣುವ ಲಕ್ಷಣ ಬೇರೆ. ಬೆಳಿಗ್ಗೆ ಹತ್ತಕ್ಕೆ ಸಹಿ, ಹನ್ನೊಂದೂವರೆಗೆ ಚಹಾ, ಒಂದೂವರೆಗೆ ಊಟ, ಆಮೇಲೆ ಗ್ರೂಪ್ ಫೋಟೋ, ಸಂಜೆ ಪ್ರಮಾಣಪತ್ರ. ಇವುಗಳ ನಡುವೆ ಉಳಿಯುವ ಹೊತ್ತಿನಲ್ಲಿ ಗೋಡೆಯ ಮೇಲೆ ಬೆಳಕು ಬೀಳಿಸುವುದು. ಮೊದಲ ಲಕ್ಷಣಕ್ಕೆ ಅವ್ಯಾಪ್ತಿ ದೋಷ ತಟ್ಟುತ್ತದೆ, ಏಕೆಂದರೆ ನಡೆಯುವ ತರಬೇತಿಗಳಲ್ಲಿ ಬಹುಪಾಲು ಅದರೊಳಗೆ ಬರುವುದಿಲ್ಲ. ಎರಡನೆಯದಕ್ಕೆ ಅತಿವ್ಯಾಪ್ತಿ ದೋಷ: ಸಹಿ, ಊಟ, ಫೋಟೋ, ಪ್ರಮಾಣಪತ್ರ ಇಷ್ಟೂ ನೋಂದಣಿ ಮಾಡಿಸಿದ ಮದುವೆಗೂ ಸಲ್ಲುತ್ತವೆ. ನಿರ್ದುಷ್ಟ ಲಕ್ಷಣ ಸಿಗುವ ತನಕ ಕಾಯುವಂತಿಲ್ಲ. ಬ್ಯಾಚು ಸೋಮವಾರ ಶುರುವಾಗುತ್ತದೆ.

ಶಾಸ್ತ್ರಗ್ರಂಥದ ಮೊದಲಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳುವುದು ಸಂಪ್ರದಾಯ. ವಿಷಯ ಸುತ್ತೋಲೆಯಲ್ಲಿದೆ. ಪ್ರಯೋಜನವೆಂದರೆ ಮಾರ್ಚ್ 31ರೊಳಗೆ ಅನುದಾನ ಖರ್ಚಾಗುವುದು. ಇವೆರಡಕ್ಕೂ ಸಂಬಂಧವಿಲ್ಲ. ಇನ್ನು ಅಧಿಕಾರಿ, ಅಂದರೆ ಈ ಶಾಸ್ತ್ರವನ್ನು ಕಲಿಯಲು ಅರ್ಹನಾದವನು. ವೇದಾಂತ ಇವನಲ್ಲಿ ವಿವೇಕ, ವೈರಾಗ್ಯ ಮುಂತಾದ ಗುಣಗಳನ್ನು ಕೇಳುತ್ತದೆ. ಕಚೇರಿ ಕೇಳುವುದು ಒಂದೇ ಗುಣವನ್ನು: ಎರಡು ದಿನ ಅವನಿಲ್ಲದಿದ್ದರೂ ಶಾಖೆ ನಡೆಯಬೇಕು. ಕೆಲಸ ಮಾಡುವವರನ್ನು ನಿಯೋಜಿಸಿದರೆ ಕೆಲಸ ನಿಲ್ಲುತ್ತದೆ. ಆದ್ದರಿಂದ ಕಡತ ನಿರ್ವಹಣೆಯ ತರಬೇತಿಗೆ ಕಡತ ಮುಟ್ಟದವರೇ ಮೂರು ನಾಲ್ಕು ಸಲ ಹೋಗಿ ಬಂದಿರುತ್ತಾರೆ. ನಿವೃತ್ತಿಗೆ ಮೂರು ತಿಂಗಳು ಉಳಿದವರು ಪರಮ ಅಧಿಕಾರಿಗಳು. ಅವರಿಗೆ ವೈರಾಗ್ಯವೂ ಇರುತ್ತದೆ.

ಪೂರ್ವಪಕ್ಷ

ಈ ಕ್ಷೇತ್ರದಲ್ಲಿ ಇಂದಿಗೂ ಪ್ರಬಲವಾಗಿರುವ ಮತಕ್ಕೆ ಶ್ರವಣವಾದವೆಂದು ಹೆಸರಿಡಬಹುದು. ಹೇಳಿದ್ದೆಲ್ಲ ಕಲಿಸಿದಂತೆ, ಕೇಳಿದ್ದೆಲ್ಲ ಕಲಿತಂತೆ ಎಂಬುದು ಇದರ ತಿರುಳು. ವೇದಾಂತಿಗಳು ಶ್ರವಣದ ಮೇಲೆ ಮನನ, ಅದರ ಮೇಲೆ ನಿದಿಧ್ಯಾಸನ ಎಂದು ಮೂರು ಮೆಟ್ಟಿಲು ಇಟ್ಟರು. ಶ್ರವಣವಾದಿಗಳು ಸಮಯದ ಅಭಾವದಿಂದ ಕೊನೆಯ ಎರಡನ್ನು ಬಿಟ್ಟಿದ್ದಾರೆ. ಊಟದ ನಂತರದ ಅವಧಿಯಲ್ಲಿ ಹಿಂದಿನ ಸಾಲಿನವರು ಕಣ್ಣುಮುಚ್ಚಿ ಕೂರುವುದೇ ನಿದಿಧ್ಯಾಸನ ಎನ್ನುವ ಉಪಪಂಥವೂ ಒಂದಿದೆ.

ಈ ಮತದ ಮುಖ್ಯ ಉಪಕರಣವಾದ ಪವರ್‌ಪಾಯಿಂಟ್ 1987ರಲ್ಲಿ ಮೆಕಿಂಟಾಷ್ ಗಣಕಕ್ಕೆಂದು ಹೊರಬಂತು. ಅದೇ ವರ್ಷ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. ಅದಕ್ಕೂ ಮುಂಚೆ ಶ್ರವಣವಾದ ಇರಲಿಲ್ಲವೆಂದಲ್ಲ. ಆದರೆ ಆಗ ಓದಿ ಹೇಳುವವನು ಶ್ರೋತೃಗಳ ಕಡೆ ಮುಖ ಮಾಡಬೇಕಾಗಿತ್ತು. ಈಗ ಸಂಪನ್ಮೂಲ ವ್ಯಕ್ತಿ ಪರದೆಯತ್ತ ತಿರುಗಿ, ಬೆನ್ನನ್ನು ಸಭೆಗೂ ಕಣ್ಣನ್ನು ಸ್ಲೈಡಿಗೂ ಒಪ್ಪಿಸಿ, ಅಲ್ಲಿರುವುದನ್ನು ಅಕ್ಷರ ತಪ್ಪದಂತೆ ಪಾರಾಯಣ ಮಾಡುತ್ತಾನೆ. “ಹಿಂದಿನವರಿಗೆ ಕಾಣಿಸ್ತಾ ಇದೆಯಾ?” ಎಂಬ ಪ್ರಶ್ನೆ ವಿಧಿಪೂರ್ವಕವಾದದ್ದು, “ಕಾಣಿಸ್ತಾ ಇದೆ ಸಾರ್” ಎಂಬ ಉತ್ತರವೂ ಹಾಗೆಯೇ. ಕಾಣಿಸುತ್ತಿಲ್ಲವೆಂಬುದು ಎರಡೂ ಕಡೆಯವರಿಗೆ ಗೊತ್ತು. ಪಿಪಿಟಿಯನ್ನು ವಾಟ್ಸಾಪ್ ಗುಂಪಿಗೆ ಹಾಕುತ್ತೇವೆ ಎಂಬ ಆಶ್ವಾಸನೆಯೊಂದಿಗೆ ಪಾರಾಯಣ ಮಂಗಳವಾಗುತ್ತದೆ. ಜ್ಞಾನ ಈಗ ಫೋನಿನಲ್ಲಿದೆ, ಇನ್ನು ತಲೆಯಲ್ಲಿರಬೇಕಾದ ಅಗತ್ಯವಿಲ್ಲ ಎಂಬ ನಿರಾಳತೆ ಇದರ ಫಲ.

ಖಂಡನ

ಶ್ರವಣವಾದಕ್ಕೆ ಮೊದಲ ಪೆಟ್ಟು ಕೊಟ್ಟವನು ಜರ್ಮನಿಯ ಹರ್ಮಾನ್ ಎಬಿಂಗ್‌ಹೌಸ್. 1885ರಲ್ಲಿ ಪ್ರಕಟವಾದ ಅವನ ಪ್ರಯೋಗಗಳಲ್ಲಿ ಶಿಷ್ಯನೂ ಅವನೇ, ಪರೀಕ್ಷಕನೂ ಅವನೇ. ಅರ್ಥವಿಲ್ಲದ ಅಕ್ಷರಗುಚ್ಛಗಳ ಪಟ್ಟಿಗಳನ್ನು ಉರು ಹೊಡೆದು, ಬಿಟ್ಟು, ಮತ್ತೆ ಉರು ಹೊಡೆಯುವಾಗ ಎಷ್ಟು ಶ್ರಮ ಉಳಿಯಿತೆಂದು ಲೆಕ್ಕ ಹಾಕಿದ. ಇಪ್ಪತ್ತು ನಿಮಿಷ ಬಿಟ್ಟು ನೋಡಿದರೆ ಉಳಿತಾಯ ಸುಮಾರು ಶೇ. 58, ಒಂದು ಗಂಟೆಗೆ 44, ಒಂದು ದಿನಕ್ಕೆ 34, ತಿಂಗಳಿಗೆ 21. ಕಚೇರಿಯ ವಿಷಯ ಅರ್ಥವಿಲ್ಲದ ಅಕ್ಷರವಲ್ಲವಲ್ಲ ಎಂದು ಶ್ರವಣವಾದಿ ಆಕ್ಷೇಪಿಸಬಹುದು. ಡಿಎಸ್‌ಸಿ, ಎಸ್‌ಒಪಿ, ಎಂಐಎಸ್, ಕೆಪಿಐ ಎಂದು ಸಾಲುಗಟ್ಟಿದ ಸ್ಲೈಡನ್ನು ಒಮ್ಮೆ ನೋಡಿದ ಮೇಲೆ ಈ ಆಕ್ಷೇಪ ನಿಲ್ಲುವುದಿಲ್ಲ.

ಎರಡನೆಯ ಪ್ರಮಾಣವೆಂದು ಸಭೆಗಳಲ್ಲಿ ಮಂಡಿಸಲಾಗುವುದು ನಿಜಕ್ಕೂ ಪ್ರಮಾಣವಲ್ಲ. ಓದಿದ್ದರಲ್ಲಿ ಶೇ. 10 ನೆನಪಿರುತ್ತದೆ, ಕೇಳಿದ್ದರಲ್ಲಿ 20, ನೋಡಿದ್ದರಲ್ಲಿ 30, ಮಾಡಿದ್ದರಲ್ಲಿ 90 ಎಂಬ ಶಂಕುವಿನಾಕಾರದ ಚಿತ್ರ ತರಬೇತುದಾರರ ತರಬೇತಿಯಲ್ಲೂ ಪೂಜೆಗೊಳ್ಳುತ್ತದೆ. ಅಮೆರಿಕದ ಎಡ್ಗರ್ ಡೇಲ್ 1946ರ ತನ್ನ ಪುಸ್ತಕದಲ್ಲಿ ಅನುಭವದ ಶಂಕುವನ್ನು ಬರೆದದ್ದು ನಿಜ. ಅದರಲ್ಲಿ ಒಂದು ಅಂಕಿಯೂ ಇಲ್ಲ. ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಈ ಶೇಕಡಾವಾರುಗಳು ಪ್ರಕ್ಷಿಪ್ತ. ಬರೀ ಓದಿದ್ದು ನಿಲ್ಲುವುದಿಲ್ಲ ಎಂದು ಸಾರುವ ಈ ಅಂಕಿಗಳು ಸ್ಲೈಡಿನಲ್ಲಿ ಓದಿದವರಿಗೆಲ್ಲ ಜನ್ಮಪೂರ್ತಿ ನೆನಪಿರುತ್ತವೆ. ತನ್ನನ್ನು ತಾನೇ ಅಲ್ಲಗಳೆಯುವ ಪ್ರಮಾಣಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ತರ್ಕಶಾಸ್ತ್ರಕ್ಕೆ ಸಿಗಲಾರದು.

ನಿಜವಾದ ಎರಡನೆಯ ಪ್ರಮಾಣ 2006ರದು. ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು ವಿದ್ಯಾರ್ಥಿಗಳ ಒಂದು ಗುಂಪಿಗೆ ಗದ್ಯಭಾಗವೊಂದನ್ನು ನಾಲ್ಕು ಸರದಿ ಓದಿಸಿದರು. ಮತ್ತೊಂದು ಗುಂಪು ಒಂದು ಸರದಿ ಓದಿ, ಮೂರು ಸರದಿ ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಓದಿದವರಿಗೇ ಮೇಲುಗೈ: ಶೇ. 83 ಎದುರು 71. ವಾರ ಕಳೆದು ನೋಡಿದರೆ ಓದಿದವರದು 40ಕ್ಕೆ ಇಳಿದಿತ್ತು, ನೆನಪಿನಿಂದ ಬರೆದವರದು 61ರಲ್ಲಿ ನಿಂತಿತ್ತು. ತಮಗೆ ಚೆನ್ನಾಗಿ ನೆನಪಿರುತ್ತದೆಂದು ಹೆಚ್ಚು ಧೈರ್ಯದಿಂದ ಹೇಳಿದವರು ನಾಲ್ಕು ಸರದಿ ಓದಿದವರೇ. ತರಬೇತಿಯ ಅಭಿಪ್ರಾಯ ನಮೂನೆಯನ್ನು ಭರ್ತಿ ಮಾಡಿಸುವುದು ಸರಿಯಾಗಿ ಈ ಐದು ನಿಮಿಷದ ಮುಹೂರ್ತದಲ್ಲಿ ಎಂಬುದನ್ನು ಗಮನಿಸಬೇಕು.

ಮೂರನೆಯದು ಅರ್ಥಾಪತ್ತಿ. ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲ; ಆದ್ದರಿಂದ ರಾತ್ರಿ ಉಣ್ಣುತ್ತಿರಬೇಕು ಎಂಬುದು ಮೀಮಾಂಸಕರ ಹಳೆಯ ನಿದರ್ಶನ. ಈ ದೇವದತ್ತನೇ ಈಗ ದ್ವಿತೀಯ ದರ್ಜೆ ಸಹಾಯಕ. ಎರಡು ದಿನದ ತರಬೇತಿಯಲ್ಲಿ ಏನೂ ಕಲಿಯಲಿಲ್ಲ, ಆದರೂ ಅವನ ಕಡತಗಳು ಆಕ್ಷೇಪಣೆಯಿಲ್ಲದೆ ಮೇಲಕ್ಕೆ ಹೋಗುತ್ತವೆ. ಆದ್ದರಿಂದ ಬೇರೆಲ್ಲೋ ಕಲಿತಿರಬೇಕು. ಎಲ್ಲಿ ಎಂದು ಹುಡುಕಿದರೆ ಪಕ್ಕದ ಟೇಬಲ್ಲು ಸಿಗುತ್ತದೆ. “ಮೇಡಂ, ಇದು ಯಾಕೋ ಹೋಗ್ತಾ ಇಲ್ಲ.” “ಎಲ್ಲಿ, ತೋರ್ಸಿ. ಅಯ್ಯೋ, ಟಿಪ್ಪಣೀನ ಹಳದೀಲೇ ಬಿಟ್ಟಿದ್ದೀರಲ್ರಿ! ಕನ್ಫರ್ಮ್ ಒತ್ತಿ. ನಾನಲ್ಲ, ನೀವು ಒತ್ತಿ.” ಅರ್ಧ ನಿಮಿಷದ ಈ ಸಂವಾದದಲ್ಲಿ ಸಮಸ್ಯೆ ಶಿಷ್ಯನದೇ, ಮೌಸ್ ಶಿಷ್ಯನ ಕೈಯಲ್ಲೇ, ತಪ್ಪಿಗೆ ತಿದ್ದುಪಡಿ ಅಲ್ಲೇ. ಸ್ಲೈಡಿಲ್ಲ, ಕಿಟ್ ಬ್ಯಾಗಿಲ್ಲ. ಪಕ್ಕದ ಟೇಬಲ್ಲಿನವರಿಗೆ ಗೌರವಧನವೂ ಇಲ್ಲ.

ಸಿದ್ಧಾಂತ

ಪಕ್ಕದ ಟೇಬಲ್ಲು ಆಕಸ್ಮಿಕವಾಗಿ ಮಾಡುವುದನ್ನು ಯೋಜಿಸಿ ಮಾಡುವುದೇ ತರಬೇತಿಯ ವಿನ್ಯಾಸ. ಅದಕ್ಕೂ ಮುಂಚೆ ಒಂದು ಶುದ್ಧಿಕರ್ಮವಿದೆ. ರಾಬರ್ಟ್ ಮೇಗರ್ ಮತ್ತು ಪೀಟರ್ ಪೈಪ್ 1970ರ ತಮ್ಮ ಪುಸ್ತಕದಲ್ಲಿ ಕೇಳಿದ ಪ್ರಶ್ನೆ ಅದು: ಪ್ರಾಣಕ್ಕೇ ಬಂದರೆ ಇವನು ಈ ಕೆಲಸ ಮಾಡಿಯಾನೆ? ಮಾಡುತ್ತಾನೆಂದಾದರೆ ಅವನಿಗೆ ಕೆಲಸ ಬರುತ್ತದೆ, ತರಬೇತಿ ಬೇಕಿಲ್ಲ. ಕಡತಗಳನ್ನು ಗಣಕದಲ್ಲೇ ಸಾಗಿಸುವ ಇ-ಆಫೀಸಿನಲ್ಲಿ ಅವು ತಿಂಗಳುಗಟ್ಟಲೆ ನಿಂತಿವೆ, ಕಾರಣ ಡಿಜಿಟಲ್ ಸಹಿಯ ಡಾಂಗಲ್ ರಜೆಯಲ್ಲಿರುವವರ ಬೀರುವಿನಲ್ಲಿದೆ ಎಂದಿಟ್ಟುಕೊಳ್ಳೋಣ. ಬೇಕಾದದ್ದು ಬೀರುವಿನ ಕೀಲಿ. ಕಳಿಸುವುದು ನಲವತ್ತು ಮಂದಿಯನ್ನು ಎರಡು ದಿನದ ಕಾರ್ಯಾಗಾರಕ್ಕೆ. ತುಟ್ಟಿಭತ್ಯೆಯ ದರ ಬದಲಾಯಿತು ಎಂಬಂಥದಕ್ಕೂ ತರಬೇತಿ ಬೇಡ, ಒಂದು ಹಾಳೆಯ ಸುತ್ತೋಲೆ ಸಾಕು. ವರ್ಷಕ್ಕೊಮ್ಮೆ ಮಾತ್ರ ಮಾಡುವ ಕೆಲಸಕ್ಕೆ ಮಾನಿಟರಿಗೆ ಅಂಟಿಸಿದ ಚೀಟಿಯೇ ಮಹಾಗುರು. ಈ ಮೂರನ್ನೂ ಸೋಸಿ ತೆಗೆದರೆ ವಾರ್ಷಿಕ ತರಬೇತಿ ಕ್ಯಾಲೆಂಡರು ಎಷ್ಟು ತೆಳ್ಳಗಾಗುತ್ತದೆಂಬ ಭಯದಿಂದಲೇ ಯಾರೂ ಸೋಸುವುದಿಲ್ಲ.

ಸೋಸಿದ ಮೇಲೂ ಉಳಿದದ್ದರ ವಿನ್ಯಾಸ ಕೊನೆಯಿಂದ ಮೊದಲಿಗೆ ನಡೆಯಬೇಕು. “ಇ-ಆಫೀಸಿನ ಬಗ್ಗೆ ಅರಿವು ಮೂಡಿಸುವುದು” ಎಂಬ ಉದ್ದೇಶ ಈಡೇರಿತೋ ಇಲ್ಲವೋ ಎಂದು ಬ್ರಹ್ಮನೂ ಹೇಳಲಾರ. “ಬಂದ ಅರ್ಜಿಯನ್ನು ದಾಖಲಿಸಿ, ಸರಿಯಾದ ಕಡತಕ್ಕೆ ಸೇರಿಸಿ, ಟಿಪ್ಪಣಿ ಬರೆದು, ಯಾರನ್ನೂ ಕೇಳದೆ ಸರಿಯಾದ ಮೇಜಿಗೆ ಕಳಿಸುವುದು” ಎಂದು ಬರೆದರೆ ಯಾರು ಬೇಕಾದರೂ ಹೇಳಬಲ್ಲರು. ಹಾಗೆ ಬರೆದ ಮೇಲೆ ಅಭ್ಯಾಸ ತಾನಾಗಿ ರೂಪುಗೊಳ್ಳುತ್ತದೆ. ಶಿಬಿರಾರ್ಥಿಯ ಕೈಗೆ ಒಂದು ಅರ್ಜಿ. ಅದರಲ್ಲಿ ಹೇಳಿರುವ ಲಗತ್ತುಗಳಲ್ಲಿ ಒಂದು ಕಾಣೆ. ತೆರೆಯ ಮೇಲೆ ಎರಡು ಕಡತ: ಒಂದರ ಶೀರ್ಷಿಕೆ ನಿವೃತ್ತಿ ವೇತನ, ಇನ್ನೊಂದರದು ಕುಟುಂಬ ನಿವೃತ್ತಿ ವೇತನ. ಅರ್ಜಿ ಯಾವುದಕ್ಕೆ ಸೇರಬೇಕೆಂದು ಮೂರನೆಯ ಪ್ಯಾರಾ ಓದಿದರೆ ಮಾತ್ರ ತಿಳಿಯುತ್ತದೆ. ಹಳದಿ ಟಿಪ್ಪಣಿ ಕರಡು, ತಿದ್ದಬಹುದು; ಹಸಿರಾಗಿ ಹೊರಟ ಮೇಲೆ ತಿದ್ದಲಾಗದು. ಇದನ್ನು ಸ್ಲೈಡಿನಲ್ಲಿ ಓದಿದವನು ಸಂಜೆಗೆ ಮರೆಯುತ್ತಾನೆ. ಅಭ್ಯಾಸದ ಕಡತದಲ್ಲಿ ಮೇಲಧಿಕಾರಿಯ ಪದನಾಮವನ್ನೇ ತಪ್ಪಾಗಿ ಬರೆದು ಹಸಿರು ಮಾಡಿ ಕಳಿಸಿ, “ಛೆ!” ಎಂದವನು ಮರೆಯುವುದು ಕಷ್ಟ. ಒಳ್ಳೆಯ ವಿನ್ಯಾಸಕಾರ ಈ “ಛೆ”ಯನ್ನು ಎಲ್ಲಿಡಬೇಕೆಂದು ಮೊದಲೇ ಗುರುತು ಹಾಕಿಕೊಂಡಿರುತ್ತಾನೆ, ಮತ್ತು ಅದು ನಿಜವಾದ ಪಿಂಚಣಿದಾರರ ಕಡತದಲ್ಲಿ ಆಗದಂತೆ ನೋಡಿಕೊಳ್ಳುತ್ತಾನೆ.

ಇದಕ್ಕೆ ಆಗಮಪ್ರಮಾಣವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಿಂದ 1945ರವರೆಗೆ, ಅಮೆರಿಕ ಸರ್ಕಾರ ಕಾರ್ಖಾನೆಗಳ ಮೇಲ್ವಿಚಾರಕರಿಗಾಗಿ ಒಂದು ಯೋಜನೆ ನಡೆಸಿತು. ಕೆಲಸ ಕಲಿಸುವುದು ಹೇಗೆಂದು ಕಲಿಸುವ ಅದರ ಪಾಠ ಎರಡೆರಡು ಗಂಟೆಯ ಐದು ಬೈಠಕ್ಕುಗಳದು, ಗುಂಪಿನಲ್ಲಿ ಹತ್ತು ಜನ. ಮೊದಲ ಬೈಠಕ್ಕಿನಲ್ಲೇ ಶ್ರವಣವಾದದ ಶ್ರಾದ್ಧ ನಡೆಯುತ್ತಿತ್ತು. ದೀಪದ ವಿದ್ಯುತ್ ತಂತಿಗೆ ಹಾಕುವ ಒಂದು ಬಗೆಯ ಗಂಟನ್ನು ಹೇಗೆ ಹಾಕುವುದೆಂದು ಬೋಧಕ ಬರೀ ಬಾಯಲ್ಲಿ ವಿವರಿಸುವನು. ಕೇಳಿದವನಿಗೆ ಹಾಕಲು ಬರುತ್ತಿರಲಿಲ್ಲ. ಆಮೇಲೆ ಮಾತಿಲ್ಲದೆ ಬರೀ ಮಾಡಿ ತೋರಿಸುವನು, ಆಗಲೂ ಬರುತ್ತಿರಲಿಲ್ಲ. ಕೊನೆಗೆ ಕಲಿಯುವವನನ್ನು ಸಿದ್ಧಗೊಳಿಸು, ಹೆಜ್ಜೆ ಹೆಜ್ಜೆಯಾಗಿ ಹೇಳುತ್ತಾ ತೋರಿಸು, ಅವನ ಕೈಯಿಂದ ಮಾಡಿಸಿ ಅವನ ಬಾಯಿಂದಲೇ ಹೇಳಿಸು, ಕೆಲಸಕ್ಕೆ ಬಿಟ್ಟ ಮೇಲೂ ಆಗಾಗ ಹೋಗಿ ನೋಡು ಎಂಬ ನಾಲ್ಕು ಹೆಜ್ಜೆಗಳಲ್ಲಿ ಕಲಿಸಿದರೆ ಗಂಟು ಬೀಳುತ್ತಿತ್ತು. ಪ್ರತಿಯೊಬ್ಬರೂ ತಮ್ಮ ಕಾರ್ಖಾನೆಯ ಒಂದು ಕೆಲಸವನ್ನು ತಂದು ಗುಂಪಿನೆದುರು ಕಲಿಸಿ ತೋರಿಸಬೇಕಿತ್ತು. ಜೇಬಿನಲ್ಲಿಡುವ ಚೀಟಿಯ ಕೊನೆಯಲ್ಲಿ ಅಚ್ಚಾಗಿದ್ದ ಮಾತಿನ ಭಾವ ಇಷ್ಟು: ಕಲಿಯುವವನು ಕಲಿಯಲಿಲ್ಲವೆಂದರೆ ಕಲಿಸುವವನು ಕಲಿಸಿಲ್ಲ. ಈ ವಾಕ್ಯವನ್ನು ನಮ್ಮ ಸಂಪನ್ಮೂಲ ವ್ಯಕ್ತಿಗಳ ನೇಮಕ ಪತ್ರದಲ್ಲಿ ಸೇರಿಸುವ ಸಲಹೆ ಬಂದರೆ ಸಂಪನ್ಮೂಲವೂ ವ್ಯಕ್ತಿಯೂ ಒಟ್ಟಿಗೇ ಕಾಣೆಯಾಗುವ ಸಂಭವವಿದೆ.

ಇದಕ್ಕಿಂತ ಕಠಿಣ ಷರತ್ತನ್ನು ಒಪ್ಪಿಕೊಂಡವನು ಪಂಚತಂತ್ರದ ವಿಷ್ಣುಶರ್ಮ. ಓದು ತಲೆಗೆ ಹತ್ತದ ಮೂವರು ರಾಜಕುಮಾರರನ್ನು ಆರು ತಿಂಗಳಲ್ಲಿ ನೀತಿಜ್ಞರನ್ನಾಗಿ ಮಾಡದಿದ್ದರೆ ತನ್ನ ಹೆಸರನ್ನೇ ಬಿಡುತ್ತೇನೆಂದ. ವಿದ್ಯೆಯನ್ನು ಮಾರುವುದಿಲ್ಲವೆಂದು ಗೌರವಧನವನ್ನೂ ಬಿಟ್ಟ. ಅವನು ಸೂತ್ರಗಳನ್ನು ಪಟ್ಟಿ ಮಾಡಿ ಓದಲಿಲ್ಲ. ಸಿಂಹ, ಎತ್ತು, ನರಿಗಳನ್ನು ಇಕ್ಕಟ್ಟಿನಲ್ಲಿ ನಿಲ್ಲಿಸಿ, ಒಬ್ಬೊಬ್ಬರ ನಿರ್ಧಾರಕ್ಕೆ ಏನು ಗತಿಯಾಯಿತೆಂದು ತೋರಿಸಿದ. ಪಂಚತಂತ್ರವನ್ನು ಹನ್ನೊಂದನೆಯ ಶತಮಾನದಲ್ಲಿ, ವಸುಭಾಗನ ಪಾಠವನ್ನು ಅನುಸರಿಸಿ, ಕನ್ನಡಕ್ಕೆ ತಂದ ದುರ್ಗಸಿಂಹ ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿ, ಅಂದರೆ ಸಂಧಿ-ಯುದ್ಧಗಳ ಮಂತ್ರಿ, ಆಗಿದ್ದವನು. ಕಚೇರಿಯ ಮನುಷ್ಯ, ನೀತಿಸೂತ್ರ ಕಂಠಪಾಠ ಮಾಡಿದವನಿಗೂ ನರಿಯನ್ನು ಗುರುತಿಸಬಲ್ಲವನಿಗೂ ಇರುವ ಅಂತರ ಆಸ್ಥಾನದಲ್ಲಿ ಅವನ ಕಣ್ಣಿಗೆ ಬಿದ್ದೇ ಇರಬೇಕು. ಅವಧಿಯ ವಿಷಯದಲ್ಲೂ ವಿಷ್ಣುಶರ್ಮನ ಲೆಕ್ಕ ಸರಿ. ಎರಡು ದಿನವನ್ನು ಒಂದೇ ಉಸಿರಿಗೆ ಮುಗಿಸುವ ಬದಲು ಅಷ್ಟೇ ಗಂಟೆಗಳನ್ನು ವಾರಗಳ ಮೇಲೆ ಹರಡಿದರೆ ಹೆಚ್ಚು ಉಳಿಯುತ್ತದೆಂದು ಎಬಿಂಗ್‌ಹೌಸನಿಗೂ ಕಂಡಿತ್ತು. ಇದಕ್ಕೆ ಪ್ರಯಾಣ ಭತ್ಯೆಯ ನಿಯಮ ಅಡ್ಡ ಬರುತ್ತದೆ ಎಂಬುದೊಂದೇ ತಕರಾರು.

ಫಲವಿಚಾರ

ತರಬೇತಿ ಫಲಿಸಿತೇ ಎಂದು ನೋಡಲು ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಿಂದ ಬರೆದ ಲೇಖನಗಳಲ್ಲಿ ನಾಲ್ಕು ಮೆಟ್ಟಿಲು ಹೇಳಿದ: ಬಂದವರಿಗೆ ಹಿಡಿಸಿತೇ, ಕಲಿತರೇ, ಹಿಂತಿರುಗಿದ ಮೇಲೆ ಕೆಲಸದ ರೀತಿ ಬದಲಾಯಿತೇ, ಅದರಿಂದ ಸಂಸ್ಥೆಗೆ ಏನಾದರೂ ಆಯಿತೇ. ಮೊದಲನೆಯದನ್ನು ಎಲ್ಲರೂ ಹತ್ತುತ್ತಾರೆ. ಊಟ-ವಸತಿಗೆ ಅತ್ಯುತ್ತಮ, ಉತ್ತಮ, ಸಾಧಾರಣ ಎಂಬ ಮೂರು ಚೌಕಗಳಿರುತ್ತವೆ. ಮಧ್ಯಾಹ್ನ ಹೋಳಿಗೆ ಇದ್ದ ದಿನ ಬೋಧನೆಯ ಗುಣಮಟ್ಟವೂ ಅತ್ಯುತ್ತಮವೇ. ಎರಡನೆಯದಕ್ಕೆ ಅಪರೂಪಕ್ಕೊಂದು ಕಿರುಪರೀಕ್ಷೆ ನಡೆಯುತ್ತದೆ, ಉತ್ತರಗಳನ್ನು ಮುಂದಿನ ಸಾಲಿನವರು ಗಟ್ಟಿಯಾಗಿ ಹೇಳುತ್ತಾರೆ. ಮೂರನೆಯದಕ್ಕೆ ಎರಡು ತಿಂಗಳ ನಂತರ ಯಾರಾದರೂ ಶಾಖೆಗೆ ಹೋಗಿ, ಶಿಬಿರಾರ್ಥಿಯ ಹಿಂದೆ ಕುರ್ಚಿ ಹಾಕಿಕೊಂಡು, ಒಂದು ಕಡತ ಸಾಗುವುದನ್ನು ನೋಡಬೇಕು. ಹೋದವನಿಗೆ ಅಲ್ಲಿ ಸಾಮಾನ್ಯವಾಗಿ ಆ ಶಿಬಿರಾರ್ಥಿಯೇ ಸಿಗುವುದಿಲ್ಲ.

ಕಾರಣ ವರ್ಗಾವಣೆ. ಬೇಸಿಗೆಯ ಸಾರ್ವತ್ರಿಕ ವರ್ಗಾವಣೆಯಲ್ಲಿ ದೇವದತ್ತ ಪಿಂಚಣಿ ಶಾಖೆಯಿಂದ ದಾಸ್ತಾನು ಶಾಖೆಗೆ ಹೋಗುತ್ತಾನೆ. ಅವನ ಕುರ್ಚಿಗೆ ಬರುವವನು ನೀರಾವರಿ ಕಡತಗಳಲ್ಲಿ ತರಬೇತಿ ಪಡೆದವನು. ಚಾರ್ಜ್ ಪಟ್ಟಿಯಲ್ಲಿ ಬೀರುವಿನ ಕೀಲಿ ಎರಡು, ರಬ್ಬರ್ ಮೊಹರು ನಾಲ್ಕು, ಕ್ಯಾಲ್ಕುಲೇಟರ್ ಒಂದು (ಕೆಟ್ಟಿದೆ) ಎಂದೆಲ್ಲ ಬರೆದು ಇಬ್ಬರೂ ಸಹಿ ಹಾಕುತ್ತಾರೆ. ಯಾವ ಕಡತದಲ್ಲಿ ಯಾವ ಲಗತ್ತು ಸದಾ ಕಾಣೆಯಾಗಿರುತ್ತದೆ ಎಂಬುದಕ್ಕೆ ಪಟ್ಟಿಯಲ್ಲಿ ಕಾಲಂ ಇಲ್ಲ. ಚಾರ್ಜ್ ವಹಿಸಿಕೊಡುವ ಎರಡು ದಿನ ಬಂದವನು ಕುರ್ಚಿಯಲ್ಲಿ ಕೂತು ಕೆಲಸ ಮಾಡಬೇಕು, ಹೋಗುವವನು ಪಕ್ಕದಲ್ಲಿ ಕೂತು ನೋಡಬೇಕು ಎಂದು ವಿಧಿಸಿದರೆ ಈ ಶಾಸ್ತ್ರ ಹೇಳಿದ್ದೆಲ್ಲವೂ ಅಲ್ಲೇ ಈಡೇರುತ್ತದೆ. ಆದರೆ ಅದಕ್ಕೆ ಸಭಾಂಗಣ, ಕಿಟ್ ಬ್ಯಾಗು, ಊಟ ಯಾವುದೂ ಬೇಡ. ಖರ್ಚಿಲ್ಲದ ಕಾರ್ಯಕ್ರಮಕ್ಕೆ ಲೆಕ್ಕ ಶೀರ್ಷಿಕೆ ಇರುವುದಿಲ್ಲ. ಲೆಕ್ಕ ಶೀರ್ಷಿಕೆ ಇಲ್ಲದ್ದನ್ನು ತರಬೇತಿ ಕ್ಯಾಲೆಂಡರಿಗೆ ಸೇರಿಸಲು ಬರುವುದಿಲ್ಲ.