ಪಾಯ, ಮೋಲ್ಡ್ ಮತ್ತು ಮೇಸ್ತ್ರಿ

ಮನೆ ಕಟ್ಟಿ ನೋಡು ಎಂದ ಹಿರಿಯರಿಗೆ ಇಎಂಐ ಇರಲಿಲ್ಲ, ಪುಣ್ಯವಂತರು. ಬೆಂಗಳೂರಿನ 30×40ರ ಸೈಟಿನಲ್ಲಿ ಉಸಿರಾಟವೂ ಚದರಡಿ ಲೆಕ್ಕದಲ್ಲೇ. ನಮ್ಮ ಮೇಸ್ತ್ರಿ ಹೇಳಿದ ದರ ಕೇಳಿದರೆ ಇಷ್ಟು ಅಗ್ಗವೇ ಎನಿಸುತ್ತದೆ. ಅದರಲ್ಲಿ ಸಂಪು ಇಲ್ಲ, ಕಾಂಪೌಂಡು ಇಲ್ಲ, ಗೇಟೂ ಇಲ್ಲ. "ಅದೆಲ್ಲ ಎಕ್ಸ್‌ಟ್ರಾ ಸಾರ್!" ಬಾಲ್ಕನಿ ಮಾತ್ರ ಅಳತೆಯಲ್ಲಿ ಒಂದಿಂಚೂ ಬಿಡದೆ ಸೇರಿರುತ್ತದೆ.

ಬ್ಯಾಂಕಿನದು ಇನ್ನೊಂದು ರಾಗ. ರಿಸರ್ವ್ ಬ್ಯಾಂಕಿನ ಮಿತಿಯಂತೆ 30 ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಮೌಲ್ಯದ ಶೇ. 90ರವರೆಗೆ ಸಿಗಬಹುದು; 75 ಲಕ್ಷ ದಾಟಿದರೆ ಶೇ. 75 ಅಷ್ಟೇ. ಮಿಕ್ಕಿದ್ದಕ್ಕೆ ಮಾವನವರಿದ್ದಾರೆ. ಬ್ಯಾಂಕು ಕೊಡುವುದೂ ಕಂತಿನಲ್ಲಿ: ಪಾಯ ಎದ್ದರೆ ಇಷ್ಟು, ಮೋಲ್ಡ್ ಬಿದ್ದರೆ ಇಷ್ಟು. ಮೇಸ್ತ್ರಿಯ ಕಾಯಿದೆ ಉಲ್ಟಾ: ದುಡ್ಡು ಬಿದ್ದರೆ ಮೋಲ್ಡ್. ಇವರಿಬ್ಬರ ಜಗಳದಲ್ಲಿ ಹೆಂಡತಿಯ ಬಳೆ ಅಡವಿಗೆ ಹೋಗುತ್ತದೆ.

ಮೋಲ್ಡ್ ಹಾಕಿದ ಮೇಲೆ ಕನಿಷ್ಠ 7 ದಿನ ಅದು ಒಣಗಬಾರದು. ಅದಕ್ಕೇ ಮಾವನವರು ಬೆಳಗಿನ ಜಾವವೇ ಲುಂಗಿ ಎತ್ತಿ ಕಟ್ಟಿ, ಪೈಪು ಹಿಡಿದು ನಿಲ್ಲುತ್ತಾರೆ. ಕೆಳಗೆ ಹಾಲು ತರಲು ಹೋಗುವವರೆಲ್ಲ ವಾಸ್ತು ಪಂಡಿತರೇ. "ಅಡುಗೆಮನೆ ಆಗ್ನೇಯಕ್ಕಿಲ್ಲವಲ್ಲ?" ಎಂದರು ಒಬ್ಬರು. ಅಂದಿನಿಂದ ಅತ್ತೆಗೆ ನಿದ್ದೆಯಿಲ್ಲ. ಮೇಸ್ತ್ರಿ ಮಾತ್ರ, "ಆಷಾಢ ಕಳೀಲಿ ಬಿಡಿ" ಎಂದು ಫೋನ್ ಸ್ವಿಚ್ ಆಫ್ ಮಾಡಿದ್ದಾನೆ.